ಖಾತೆ ಬಾಡಿಗೆಗಿದೆ

ಮಾನ್ಯರೇ,

ಮಂಡ್ಯದ ವಿದ್ಯಾನಗರದಲ್ಲಿ 18 ವರ್ಷದಿಂದ ಜೆರಾಕ್ಸ್, ಪ್ರಿಂಟ್, ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟುಕೊಂಡಿದ್ದೇನೆ. ಆನ್‌ಲೈನ್ ವಂಚನೆಯಲ್ಲಿ ಇಂಥವರು ಇಷ್ಟು ಲಕ್ಷ ಕಳೆದುಕೊಂಡರು ಎಂಬ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಓದುತ್ತೇನೆ. ಆ ದುಡ್ಡು ಮೊದಲು ಹೋಗಿ ಬಿದ್ದದ್ದು ಯಾರ ಖಾತೆಗೆ ಎಂಬುದು ಮಾತ್ರ ಅದರಲ್ಲಿ ಕಾಣುವುದಿಲ್ಲ.

ನನಗೆ ಅಂಥ ಒಂದು ಖಾತೆ ಗೊತ್ತು. ಕಳೆದ ವರ್ಷ ಮದ್ದೂರು ಕಡೆಯ ಡಿಗ್ರಿ ಹುಡುಗನೊಬ್ಬ ಆಧಾರ್, ಪ್ಯಾನ್ ಜೆರಾಕ್ಸ್ ಮಾಡಿಸಿ, "ಅಕ್ಕಾ, ಉದ್ಯಮ್ ರಿಜಿಸ್ಟ್ರೇಷನ್ ಮಾಡ್ಕೊಡಿ" ಅಂದ. ಏನಪ್ಪ ಬಿಸಿನೆಸ್ಸು ಅಂದರೆ "ಬಟ್ಟೆ ವ್ಯಾಪಾರ" ಅಂದ. ಸಣ್ಣ ಉದ್ದಿಮೆಗಳ ಆ ಸರ್ಕಾರಿ ನೋಂದಣಿ ಉಚಿತ, ನಾವು ಹೇಳಿದ್ದೇ ದಾಖಲೆ. ಟೈಪ್ ಮಾಡಿದ್ದಕ್ಕೆ 150 ರೂಪಾಯಿ ಇಸ್ಕೊಂಡೆ. ಅವನು ಅದನ್ನು ತೋರಿಸಿ ಕರೆಂಟ್ ಅಕೌಂಟ್ ತೆರೆದು, ಎಟಿಎಂ ಕಾರ್ಡು, ಚೆಕ್‌ಬುಕ್ಕು, ಸಿಮ್ಮು ಎಲ್ಲವನ್ನೂ ಟೆಲಿಗ್ರಾಂನಲ್ಲಿ ಪರಿಚಯವಾದವನಿಗೆ ಒಪ್ಪಿಸಿದ್ದಾನೆ. ಸಿಕ್ಕಿದ್ದು 8,000. ನಾಲ್ಕು ತಿಂಗಳಿಗೆ ಹೊರರಾಜ್ಯದ ಪೊಲೀಸರಿಂದ, ವಿಚಾರಣೆಗೆ ಹಾಜರಾಗಿ ಎಂದು ಬಿಎನ್‌ಎಸ್‌ಎಸ್ 35(3)ರ ನೋಟಿಸು. ಅದರ ಜೆರಾಕ್ಸ್‌ಗೆ ಬಂದದ್ದು ಅವನ ತಾಯಿ. ಅಮ್ಮ ಮಗನ ಜಂಟಿ ಖಾತೆಯೂ ಫ್ರೀಜ್ ಆಗಿ ಡೇರಿ ಬಟವಾಡೆ ಅದರೊಳಗೇ ಸಿಕ್ಕಿಕೊಂಡಿತ್ತು. ಜೆರಾಕ್ಸ್‌ಗೆ ನಾನು ಕಾಸು ಮುಟ್ಟಲಿಲ್ಲ. ಆ 150ರ ಮಾತು ಎತ್ತಲು ಬಾಯೂ ಬರಲಿಲ್ಲ.

ಅಂಗಡಿಯ ಹೊಸತರಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರು, ಪೌಂಡ್ ಲೆಕ್ಕದಲ್ಲಿ ಲಾಟರಿ ಹೊಡೆದಿದೆ ಎಂಬ ಇಮೇಲ್ ಪ್ರಿಂಟ್ ಹಾಕಿಸಿದ್ದರು. ಸಾಲುಸಾಲಿಗೂ ತಪ್ಪು ಇಂಗ್ಲಿಷ್. ಎಂಥ ದಡ್ಡ ಕಳ್ಳ ಎಂದು ನಕ್ಕಿದ್ದೆ. ದಡ್ಡಿ ನಾನೇ. ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಾಕ್ ಹರ್ಲಿ 2012ರಲ್ಲೇ ಇದರ ಲೆಕ್ಕ ಬಿಡಿಸಿಟ್ಟಿದ್ದಾರೆ. ಲಕ್ಷ ಮೇಲ್ ಕಳಿಸಲು ಖರ್ಚೇ ಇಲ್ಲ. ಖರ್ಚಿರುವುದು ಉತ್ತರ ಕೊಟ್ಟವರ ಜತೆ ದಿನಗಟ್ಟಲೆ ಮಾತು ಬೆಳೆಸುವುದರಲ್ಲಿ. ಅರ್ಧಕ್ಕೆ ಅನುಮಾನ ಬಂದು ಕೈಬಿಡುವವರು ಕಳ್ಳನಿಗೆ ನಷ್ಟ. ಅಂಥವರು ಮೊದಲ ಜರಡಿಯಲ್ಲೇ ಉದುರಿಹೋಗಲಿ ಎಂದೇ ನಂಬಲಾಗದ ಕತೆ ಬರೆಯುವುದು.

ಹಾಗಾದರೆ ಈ ದಂಧೆಯಲ್ಲಿ ಬಿಟ್ಟಿ ಸಿಗದ ಸರಕು ಯಾವುದು? ಕೆವೈಸಿ ಆಗಿರುವ, ನಮ್ಮ ನಿಮ್ಮ ಮಕ್ಕಳ ಹೆಸರಿನ ಖಾತೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ದೂರು ಬಿದ್ದರೆ ದುಡ್ಡು ತಡೆಹಿಡಿಯುತ್ತಾರೆ, ಹಾಗಾಗಿ ಬಂದದ್ದನ್ನು ಗಳಿಗೆಯೊಳಗೆ ಹತ್ತು ಕಡೆ ಹಂಚಬೇಕು. ಹಳೆಯ ಖಾತೆ ಸತ್ತಂತೆ ಹೊಸದು ಬೇಕು. ಕಬ್ಬಿಲ್ಲದೆ ಆಲೆಮನೆ ನಡೆಯುವುದಿಲ್ಲ, ಆ ಕಬ್ಬು ಹೋಗುತ್ತಿರುವುದು ನಮ್ಮ ಗದ್ದೆಯಿಂದಲೇ. "ಖಾಲಿ ಅಕೌಂಟು ತಾನೇ ಅಕ್ಕಾ, ನಂದೇನು ಹೋಯ್ತದೆ" ಎಂದಿದ್ದ ಆ ಹುಡುಗ. ರೂಮ್ ಬಾಡಿಗೆ, ಮೆಸ್ ಬಿಲ್ಲಿಗೆ ಒದ್ದಾಡುವವನಿಗೆ 8,000 ಸಣ್ಣದಲ್ಲ.

ಒಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ ಎಂದು ಕಳೆದುಕೊಳ್ಳುವವರಿಗೇ ಎಲ್ಲರೂ ಬುದ್ಧಿ ಹೇಳುತ್ತಾರೆ. ಬಾಡಿಗೆ ಖಾತೆ ಪತ್ತೆಗೆ ರಿಸರ್ವ್ ಬ್ಯಾಂಕಿನ ಇನ್ನೊವೇಷನ್ ಹಬ್ ಮ್ಯೂಲ್‌ಹಂಟರ್ ಎಂಬ ತಂತ್ರಾಂಶ ಮಾಡಿದೆ, ಸರಿ. ಅದು ಹಿಡಿಯುವಷ್ಟರಲ್ಲಿ ಖಾತೆ ಕೈ ಬದಲಾಗಿರುತ್ತದೆ. ಅದಕ್ಕೂ ಮುಂಚೆ, ಖಾತೆ ತೆರೆಯುವ ಅರ್ಜಿಯ ಮೇಲೆಯೇ "ಈ ಖಾತೆ ಬೇರೆಯವರಿಗೆ ಕೊಟ್ಟರೆ ಕೇಸು ನಿಮ್ಮ ಮೇಲೆ" ಎಂದು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಹಾಕಲು ಬ್ಯಾಂಕುಗಳಿಗೇನು ಕಷ್ಟ? ಸ್ಕಾಲರ್‌ಶಿಪ್‌ಗೆ ಖಾತೆ ಮಾಡಿಸಿ ಎನ್ನುವ ಕಾಲೇಜುಗಳು ಅದೇ ದಿನ ಐದು ನಿಮಿಷ ಇದನ್ನೂ ಹೇಳಬಾರದೇ?

ಸದ್ಯಕ್ಕೆ ನನ್ನ ಅಂಗಡಿ ಗೋಡೆಗೆ ನಾನೇ ಒಂದು ಹಾಳೆ ಅಂಟಿಸಿದ್ದೇನೆ: "ಬ್ಯಾಂಕ್ ಖಾತೆ ಬಾಡಿಗೆಗೆ ಕೊಡಬೇಡಿ." ಮೊನ್ನೆ ಒಬ್ಬ ಹುಡುಗ ಅದನ್ನು ನಿಂತು ಪೂರ್ತಿ ಓದಿ, ದನಿ ತಗ್ಗಿಸಿ ಕೇಳಿದ, "ಎಷ್ಟು ಕೊಡ್ತಾರಂತೆ ಅಕ್ಕಾ?"

ಜೆರಾಕ್ಸ್ ಅಂಗಡಿಯವಳು,
ವಿದ್ಯಾನಗರ, ಮಂಡ್ಯ