ಹಳೆ ಬಲೆಗೊಂದು ಶೆಡ್ ಬೇಕು

ಮಾನ್ಯರೇ,

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯ ದಕ್ಕೆಯಲ್ಲಿ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲಿ, ಬಲೆ ರಿಪೇರಿ ಜೋರಾಗಿ ನಡೆಯುವುದು ಈ ದಿನಗಳಲ್ಲೇ. ಕತ್ತರಿಸಿ ಬಿಟ್ಟ ಬಲೆ, ಸವೆದ ಹಗ್ಗ, ಬಲೆ ತೇಲಿಸುವ ಒಡೆದ ಬೆಂಡು ಮೂಲೆಯಲ್ಲಿ ರಾಶಿ ಬೀಳುತ್ತವೆ. ನೈಲಾನ್ ಸುಲಭಕ್ಕೆ ಕೊಳೆಯುವುದಿಲ್ಲ. ಕಡಲು ಸೇರಿದರೆ ಅದರಲ್ಲಿ ಆಮೆ, ಮೀನು ಸಿಕ್ಕಿ ಸಾಯುತ್ತಲೇ ಇರುತ್ತವೆ.

ಹಳೆ ಬಲೆಯ ಉಪಯೋಗ ನಮ್ಮ ಕಡೆಯ ಮನೆಗಳಿಗೆ ಚೆನ್ನಾಗಿ ಗೊತ್ತು. ಬಾವಿಯ ಬಾಯಿಗೆ ಬಿಗಿದು ಕಟ್ಟಿದರೆ ತರಗೆಲೆ ಮೇಲೆಯೇ ನಿಲ್ಲುತ್ತದೆ, ಬೆಕ್ಕು, ಕೋಳಿ ಒಳಗೆ ಬೀಳುವುದಿಲ್ಲ. ಅಲಸಂಡೆ ಬಳ್ಳಿ ಹಬ್ಬಲಿಕ್ಕೂ ಅದೇ, ತರಕಾರಿ ಸಾಲಿಗೆ ನವಿಲು ನುಗ್ಗದಂತೆ ಬೇಲಿಗೂ ಅದೇ. ಆದರೆ ಬೋಟು ಎಳೆದೊಯ್ಯುವ ದೊಡ್ಡ ಟ್ರಾಲ್ ಬಲೆಯ ರಾಶಿಗೆ ಊರಿನ ಬಾವಿಗಳು ಸಾಲುವುದಿಲ್ಲ. ಉಳಿದದ್ದಕ್ಕೆ ಬೇರೆ ದಾರಿ ಬೇಕಲ್ವಾ? ನೈಲಾನ್ ಬಲೆಯಿಂದ ಮತ್ತೆ ನೂಲು ತೆಗೆಯಬಹುದು. ಕೇರಳದ ನೀಂಡಕರದಲ್ಲಿ 2017ರಿಂದ ಮೀನುಗಾರರು ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ದಡಕ್ಕೆ ತಂದರು. ಅದನ್ನು ಪುಡಿ ಮಾಡಿ ರಸ್ತೆಗೆ ಬಳಸಿದರು.

ನಮ್ಮ ಬಂದರುಗಳಲ್ಲೂ ಹಳೆ ಬಲೆ ಹಾಕಲು ಒಂದು ಶೆಡ್, ತೂಕಕ್ಕೆ ತಕ್ಕ ದುಡ್ಡು ಕೊಡುವ ವ್ಯವಸ್ಥೆ ಆಗಲಿ. ಬೋಟುಗಳು ಮತ್ತೆ ಕಡಲಿಗಿಳಿಯುವ ಮೊದಲೇ ಮೀನುಗಾರಿಕಾ ಇಲಾಖೆ, ಮೀನುಗಾರರ ಸಂಘಗಳು ಸೇರಿ ಇದನ್ನು ಶುರು ಮಾಡಬೇಕು.

– ಓದುಗರೊಬ್ಬರು, ಮಲ್ಪೆ