ಡೇಟಾ ಕೂಡಿಸುವ ಮೊದಲೇ ಬನ್ನಿ, ಡಾಕ್ಟರೇ

ಮಾನ್ಯ ಸಂಪಾದಕರೇ,

ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಏಳು ವರ್ಷದಿಂದ ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಎಂ.ಎಸ್‌ಸಿ. ವಿದ್ಯಾರ್ಥಿಗಳು ವೈದ್ಯರ ಸಂಶೋಧನೆಗೆ ಲೆಕ್ಕದ ಸಲಹೆ ಕೊಡುತ್ತಾ ಬಂದಿದ್ದಾರೆ. ಬರುವವರಲ್ಲಿ ಎಂ.ಡಿ., ಎಂ.ಎಸ್. ಓದುತ್ತಿರುವವರೇ ಜಾಸ್ತಿ. ಮೇಜಿನ ಈ ಕಡೆ ಇಬ್ಬರು ವಿದ್ಯಾರ್ಥಿಗಳು, ಆ ಕಡೆ ಒಬ್ಬ ಡಾಕ್ಟರು, ಸ್ವಲ್ಪ ಹಿಂದೆ ಕುರ್ಚಿ ಹಾಕಿಕೊಂಡು ನಾನು. ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳುವುದಿಲ್ಲ.

ಹೋದ ವರ್ಷ ಕಣ್ಣಿನ ವಿಭಾಗದ ಪಿ.ಜಿ. (ಸ್ನಾತಕೋತ್ತರ ವಿದ್ಯಾರ್ಥಿ) ಒಬ್ಬರು ಬಂದರು. ಥೀಸಿಸ್ ಸಲ್ಲಿಸಲು ಮೂರೇ ವಾರ ಉಳಿದಿತ್ತು. ಎಕ್ಸೆಲ್ ಹಾಳೆಯಲ್ಲಿ 76 ಸಾಲು. ತಿಪಟೂರು ಕಡೆಯ ನಮ್ಮ ಹುಡುಗಿ ಮೊದಲು ಕೇಳಿದ್ದು ಇಷ್ಟೇ: "ಒಂದು ಸಾಲು ಅಂದ್ರೆ ಒಬ್ಬ ರೋಗಿನಾ ಸರ್?" ಅಲ್ಲ, ಒಂದು ಕಣ್ಣು. ರೋಗಿಗಳು ಇದ್ದದ್ದು 41 ಜನ. 35 ಜನರ ಎರಡೂ ಕಣ್ಣು ಹಾಳೆಗೆ ಸೇರಿದ್ದವು, ಉಳಿದ ಆರು ಜನರದ್ದು ಒಂದೊಂದು. ಒಬ್ಬರ ಎರಡು ಕಣ್ಣು ಒಂದೇ ಮನೆಯ ಇಬ್ಬರು ಸಾಕ್ಷಿಗಳಿದ್ದ ಹಾಗೆ, ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. ಅವನ್ನು ಇಬ್ಬರು ಬೇರೆ ಬೇರೆ ರೋಗಿಗಳು ಅಂತ ಎಣಿಸಿದರೆ ಕೈಯಲ್ಲಿ ಇಲ್ಲದ ಸಾಕ್ಷ್ಯವನ್ನು ಇದೆ ಅಂದುಕೊಂಡ ಹಾಗಾಗುತ್ತದೆ. ಪಿ ವ್ಯಾಲ್ಯೂ ಅಂದರೆ, ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಂಭವ; 0.05ಕ್ಕಿಂತ ಕಡಿಮೆ ಇದ್ದರೆ ಪುರಾವೆ ಅಂತ ಒಪ್ಪುವುದು ರೂಢಿ. ಬೇರೆ ಎಲ್ಲೋ ದುಡ್ಡು ಕೊಟ್ಟು ಮಾಡಿಸಿದ್ದ ಲೆಕ್ಕದಲ್ಲಿ ಅದು 0.03 ಬಂದಿತ್ತು. ಯಾವ ಕಣ್ಣು ಯಾರದ್ದು ಅನ್ನುವುದನ್ನೂ ಸೇರಿಸಿ ಮತ್ತೆ ಮಾಡಿದಾಗ 0.11 ಬಂತು.

ಆ ಡಾಕ್ಟರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನೈಟ್ ಡ್ಯೂಟಿಗಳ ನಡುವೆ ಒಂದೂವರೆ ವರ್ಷ ಕೂಡಿಸಿದ ಡೇಟಾ ಅದು. ಆಗ ಹುಡುಗಿ ಮೆಲ್ಲಗೆ ಹೇಳಿದಳು: "ವ್ಯತ್ಯಾಸ ಇಲ್ಲ ಅಂತ ಬರೆಯಬೇಡಿ ಸರ್. ಈ 41 ಜನರಲ್ಲಿ ನಮಗೆ ಸಾಕಷ್ಟು ಪುರಾವೆ ಸಿಗಲಿಲ್ಲ ಅಂತ ಬರೀರಿ." ಅದನ್ನು ನಾನು ಅವಳಿಗೆ ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ. ಅವತ್ತು ಅದು ಅವಳದ್ದೇ ಮಾತಾಗಿತ್ತು.

ಇದೇ ಪ್ರಶ್ನೆಯನ್ನು ಮೊದಲ ದಿನ ಕೇಳಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು, ಅಲ್ವಾ? 1938ರಲ್ಲಿ ಕೋಲ್ಕತ್ತದಲ್ಲಿ ನಡೆದ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ ಇಂಗ್ಲೆಂಡಿನ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇದನ್ನೇ ಹೇಳಿದ್ದರು. ಪ್ರಯೋಗ ಮುಗಿದ ಮೇಲೆ ನಮ್ಮನ್ನು ಕರೆಯುವುದು ಪೋಸ್ಟ್‌ಮಾರ್ಟಂಗೆ ಕರೆದ ಹಾಗೆ, ಪ್ರಯೋಗ ಯಾವುದರಿಂದ ಸತ್ತಿತು ಅಂತ ಹೇಳಬಹುದು ಅಷ್ಟೇ. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮಾಡಿದ್ದು ಇದೇ ಫಿಶರ್ ಅವರ ಕೈಕೆಳಗೆ. ಅಂಥವರ ನಾಡಿನಲ್ಲಿ ನಾವು ಇನ್ನೂ ಪೋಸ್ಟ್‌ಮಾರ್ಟಂ ಮಾಡುತ್ತಲೇ ಇದ್ದೇವೆ. ನಮ್ಮ ಹತ್ತಿರ ಬರುವ ಹತ್ತರಲ್ಲಿ ಎಂಟು ಜನ ಡೇಟಾ ಕೂಡಿಸಿ ಆದ ಮೇಲೆಯೇ ಬರುತ್ತಾರೆ.

ಎಷ್ಟು ರೋಗಿಗಳು ಬೇಕು ಅನ್ನುವ ವಿಷಯವನ್ನೇ ನೋಡಿ. ಥೀಸಿಸ್ ಮೇಲೆ ಥೀಸಿಸ್‌ನಲ್ಲಿ ನಾಲ್ಕು ಪಿಕ್ಯೂ ಭಾಗಿಸು ಡಿ ವರ್ಗ ಅನ್ನುವ ಒಂದೇ ಸೂತ್ರ. ಪಿ ಅಂದರೆ ನೂರಕ್ಕೆ ಎಷ್ಟು ಜನರಲ್ಲಿ ಕಾಯಿಲೆ ಇದೆ, ಕ್ಯೂ ಅಂದರೆ ನೂರರಲ್ಲಿ ಉಳಿದವರು, ಡಿ ಅಂದರೆ ಅಂದಾಜು ಎಷ್ಟು ಆಚೀಚೆ ಆಗಬಹುದು ಅನ್ನುವುದು. ಕಾಯಿಲೆ ನೂರಕ್ಕೆ 30 ಜನರಲ್ಲಿದೆ, 10 ಆಚೀಚೆ ಆದರೂ ಪರವಾಗಿಲ್ಲ ಅಂದರೆ 84 ಜನ ಸಾಕು ಅನ್ನುತ್ತದೆ ಅದು. ಸೂತ್ರ ತಪ್ಪಲ್ಲ. ಆದರೆ ಅದು ಇರುವುದು ಒಂದು ಗುಂಪಿನಲ್ಲಿ ಕಾಯಿಲೆ ಎಷ್ಟಿದೆ ಅಂತ ಅಂದಾಜು ಮಾಡಲು. ಎರಡು ಚಿಕಿತ್ಸೆ ಹೋಲಿಸಲು ಅಲ್ಲ. ಹೊಸ ಔಷಧಿ ತೊಂದರೆಯನ್ನು ನೂರಕ್ಕೆ 30ರಿಂದ 20ಕ್ಕೆ ಇಳಿಸುತ್ತದೆ ಅಂತಿಟ್ಟುಕೊಳ್ಳಿ. ಆ ವ್ಯತ್ಯಾಸ ನೂರರಲ್ಲಿ 80 ಸಲವಾದರೂ ನಮ್ಮ ಕಣ್ಣಿಗೆ ಬೀಳಬೇಕಾದರೆ ಒಂದೊಂದು ಗುಂಪಿಗೂ ಸುಮಾರು 290 ಜನ ಬೇಕು. 84 ಜನರನ್ನು ಎರಡು ಪಾಲು ಮಾಡಿದರೆ ಸಿಗುವುದು 42. ಪಾಪ, ಸುಮ್ನೆ ಅಷ್ಟು ಜನರಿಗೆ ಸೂಜಿ ಚುಚ್ಚಿ ರಕ್ತ ತೆಗೆದದ್ದಾಯಿತು. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಡಾಕ್ಟರುಗಳನ್ನು ನಾನು ದೂರುತ್ತಿಲ್ಲ. ಅವರು ಯಾರನ್ನು ಕೇಳಬೇಕು? ನಿಮ್ಹಾನ್ಸ್‌ನಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್‌ಗೆ (ವೈದ್ಯಕೀಯ ಸಂಶೋಧನೆಯ ಸಂಖ್ಯಾಶಾಸ್ತ್ರಕ್ಕೆ) ಅಂತಲೇ ಒಂದು ವಿಭಾಗ ಇದೆ. ಆದರೆ ಎಷ್ಟೋ ಮೆಡಿಕಲ್ ಕಾಲೇಜುಗಳಲ್ಲಿ ಕಮ್ಯೂನಿಟಿ ಮೆಡಿಸಿನ್ ವಿಭಾಗದ ಒಬ್ಬರೇ ಸಂಖ್ಯಾಶಾಸ್ತ್ರಜ್ಞರು ಎಂ.ಬಿ.ಬಿ.ಎಸ್. ಪಾಠವನ್ನೂ ಎಲ್ಲ ವಿಭಾಗಗಳ ಥೀಸಿಸ್‌ಗಳನ್ನೂ ನೋಡಬೇಕು. ಇನ್ನೊಂದು ಕಡೆ, ಇದೇ ಊರಿನಲ್ಲಿ ಸಂಖ್ಯಾಶಾಸ್ತ್ರ ಓದುವ ಹುಡುಗ ಹುಡುಗಿಯರು ಪುಸ್ತಕದ ಹಿಂದಿನ ಲೆಕ್ಕ ಬಿಡಿಸುತ್ತಾ ಎರಡು ವರ್ಷ ಕಳೆಯುತ್ತಾರೆ. ಆ ಲೆಕ್ಕಗಳಲ್ಲಿ ಹಿಮೋಗ್ಲೋಬಿನ್ 11.2 ಇರಬೇಕಾದ ಕಡೆ 112 ಇರುವುದಿಲ್ಲ. ಬಿ.ಪಿ.ಯ ಎರಡೂ ಅಂಕಿ ಒಂದೇ ಚೌಕದಲ್ಲಿ ತುರುಕಿರುವುದಿಲ್ಲ. ಮುಖ್ಯವಾಗಿ, ಎದುರಿಗೆ ಮನುಷ್ಯರು ಕೂತಿರುವುದಿಲ್ಲ. ಒಮ್ಮೆ ನಮ್ಮ ಹುಡುಗನೊಬ್ಬ ಸ್ಟ್ಯಾಂಡರ್ಡ್ ಡೀವಿಯೇಶನ್ ಅಂದರೇನು ಅಂತ ಹೀಗೆ ವಿವರಿಸಿದ: "ಎರಡು ಸ್ಟಾಪಲ್ಲೂ ಬಸ್ಸಿಗೆ ಸರಾಸರಿ 15 ನಿಮಿಷ ಕಾಯ್ಬೇಕು ಮೇಡಂ. ಒಂದರಲ್ಲಿ ದಿನಾ 15. ಇನ್ನೊಂದರಲ್ಲಿ ಒಂದಿನ ಎರಡು, ಒಂದಿನ 28." ಆ ಡಾಕ್ಟರಮ್ಮ ಥಟ್ಟನೆ ಹಿಡಿದುಕೊಂಡರು.

ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಬಾರದು, ಇದು ಅನುಭವದಿಂದ ಹೇಳುವ ಮಾತು. "ಗೈಡ್ ಹೇಳಿದ್ದಾರೆ, 0.05ಕ್ಕಿಂತ ಕಡಿಮೆ ಬರೋ ಹಾಗೆ ಮಾಡಿಕೊಡಿ" ಅಂತ ಡಾಕ್ಟರು ಕೇಳಿದಾಗ 22 ವರ್ಷದವರಿಗೆ ಇಲ್ಲ ಅನ್ನುವುದು ಕಷ್ಟ. ಹುಡುಕುತ್ತಾ ಹೋದರೆ ಅಂಥದ್ದು ಸಿಗುತ್ತದೆ ಕೂಡ: ಏನೂ ಇಲ್ಲದ ಕಡೆಯೂ 20 ಪರೀಕ್ಷೆ ಮಾಡಿದರೆ ಸರಾಸರಿ ಒಂದು ಆ ಗೆರೆಯ ಕೆಳಗೆ ಬಂದೇ ಬರುತ್ತದೆ. ಆ ಇಲ್ಲವನ್ನು ಹೇಳಲು ಅಧ್ಯಾಪಕರು ಕೋಣೆಯಲ್ಲೇ ಇರಬೇಕು. ರೋಗಿಗಳ ಹೆಸರು, ಆಸ್ಪತ್ರೆ ನಂಬರು ಇರುವ ಹಾಳೆಯನ್ನು ನಾವು ತೆರೆಯುವುದೂ ಇಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ನನ್ನದೊಂದು ಬೇಡಿಕೆ. ಸಿನಾಪ್ಸಿಸ್ (ಥೀಸಿಸ್ ಶುರುವಾಗುವ ಮೊದಲು ಕೊಡುವ ಯೋಜನೆ) ಕೈಸೇರುವ ಮೊದಲೇ ಪ್ರತಿ ಪಿ.ಜಿ.ಯೂ ಒಮ್ಮೆ ಸಂಖ್ಯಾಶಾಸ್ತ್ರ ಬಲ್ಲವರ ಜೊತೆ ಕೂತು ಮಾತಾಡಿರಬೇಕು ಅಂತ ಮಾಡಿ. ಸಂಖ್ಯಾಶಾಸ್ತ್ರ ಕಲಿಸುವ ಕಾಲೇಜುಗಳು ಈ ಸಲಹೆ ಕೆಲಸವನ್ನು ವಿದ್ಯಾರ್ಥಿಗಳ ಪ್ರಾಜೆಕ್ಟ್ ಅಂಕಕ್ಕೂ ಅಧ್ಯಾಪಕರ ಪಾಠದ ಗಂಟೆಗಳಿಗೂ ಸೇರಿಸಲಿ. ಲೆಕ್ಕ ಮಾಡಲು ಬೇಕಾದ ಆರ್ (R) ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಇನ್ನು ಬೇಕಿರುವುದು ಹತ್ತಿರದ ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಒಂದು ಕೋಣೆ, ಒಂದು ಮೇಜು, ನಾಲ್ಕು ಕುರ್ಚಿ. ಯಾವ ಆಸ್ಪತ್ರೆ ಕೊಟ್ಟರೂ ನಾವು ಬರಲು ತಯಾರಿದ್ದೇವೆ.

ಇಂತಿ,
ಒಬ್ಬ ಸಂಖ್ಯಾಶಾಸ್ತ್ರ ಅಧ್ಯಾಪಕ,
ಬಸವನಗುಡಿ, ಬೆಂಗಳೂರು