ಹೊಸ ಕಂಪ್ಯೂಟರ್ ವ್ಯವಸ್ಥೆ ಕಲಿಯುವವರಿಗೆ ಕನ್ನಡದ ಪಾಠ ಎಲ್ಲಿದೆ?

ಮಾನ್ಯ ಸಂಪಾದಕರೇ,

ಸುಳ್ಯ ತಾಲ್ಲೂಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಮದುವೆ ಕಾಗದ, ಗೃಹಪ್ರವೇಶದ ಆಮಂತ್ರಣ, ತಾಲ್ಲೂಕು ಕಚೇರಿಗೆ ಅರ್ಜಿ, ಸಹಕಾರಿ ಸಂಘದ ಮಹಾಸಭೆಯ ವರದಿ, ಇವು ನನ್ನ ಕೆಲಸ. ಅಂಗಡಿಯಲ್ಲಿರುವುದು ಎರಡು ಕಂಪ್ಯೂಟರ್. ಎರಡೂ ಹಳೆಯವು, ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರಿನವು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ನನ್ನ ಯಂತ್ರಗಳಿಗೆ ಹಿಡಿಸುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದ್ದೋ ಅದರ ನಂತರದ್ದೋ ಆಗಬೇಕು. ರಿಪೇರಿಯವರನ್ನು ಕೇಳಿದರೆ ಹೊಸದು ತೆಗೆದುಕೊಳ್ಳಿ ಎಂದರು. ಮದುವೆಯ ಸೀಸನ್ನಿಗೆ ಮೊದಲು ಎರಡು ಕಂಪ್ಯೂಟರ್ ಕೊಳ್ಳುವಷ್ಟು ದುಡ್ಡು ಕೈಯಲ್ಲಿರಲಿಲ್ಲ. ಅಪ್‌ಡೇಟ್ ಬಾರದ ಯಂತ್ರದಲ್ಲಿ ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ಇಟ್ಟುಕೊಂಡು ಇಂಟರ್‌ನೆಟ್ಟಿಗೆ ಹೋಗಲು ಮನಸ್ಸೂ ಬರಲಿಲ್ಲ. ಹಾಗಾಗಿ ಒಂದು ಯಂತ್ರಕ್ಕೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆ ಹಾಕಿಕೊಳ್ಳುವುದೆಂದು ನಿಶ್ಚಯಿಸಿದೆ. ಅದು ಉಚಿತ, ನಾನು ಹಾಕಿದ 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಇದೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ, ಪ್ರಿಂಟರ್, ವೈಫೈ ಎಲ್ಲ ಹಿಡಿಯುತ್ತದೋ ಎಂದು ನೋಡಿ, ಆಮೇಲೆ ಒಳಗೆ ಹಾಕಬಹುದು. ನನ್ನ ಪ್ರಿಂಟರ್ ಹಿಡಿಯಿತು.

ಹಾಕುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಕಲಿಯಲು ಪಾಠ ಹುಡುಕುವುದಕ್ಕೆ ಎರಡು ವಾರ ಬೇಕಾಯಿತು. ಈ ಪತ್ರ ಬರೆಯುತ್ತಿರುವುದು ಆ ಎರಡು ವಾರದ ವಿಷಯಕ್ಕೆ.

ಮೊದಲ ದಿನ ನನಗೆ ಡಿ ಡ್ರೈವ್ ಕಾಣಲಿಲ್ಲ. ನನ್ನ ಬದುಕೆಲ್ಲ ಡಿ ಡ್ರೈವಿನಲ್ಲಿ. ಲಿನಕ್ಸಿನಲ್ಲಿ ಸಿ, ಡಿ ಎಂಬ ಅಕ್ಷರಗಳೇ ಇಲ್ಲ, ಎಲ್ಲವೂ ಒಂದೇ ಬೇರಿನಿಂದ ಕವಲೊಡೆಯುತ್ತದೆ, ಪೆನ್‌ಡ್ರೈವ್ ಸಿಕ್ಕಿಸಿದರೆ ಅದು 'ಮೀಡಿಯಾ' ಎಂಬ ಫೋಲ್ಡರಿನ ಒಳಗೆ ಬಂದು ಕೂರುತ್ತದೆ. ಇಷ್ಟನ್ನು ಯಾರಾದರೂ ಎದುರು ಕೂತು ಹೇಳಿದ್ದರೆ ಐದು ನಿಮಿಷದ ಮಾತು. ಕನ್ನಡದಲ್ಲಿ ಹುಡುಕಿದೆ. ಸಿಕ್ಕಿದ್ದರಲ್ಲಿ ಬಹಳಷ್ಟು ಯಂತ್ರ ಮಾಡಿದ ಅನುವಾದ. 'ಮೌಂಟ್ ಮಾಡಿ' (ಪೆನ್‌ಡ್ರೈವಿನಂಥದ್ದನ್ನು ಫೋಲ್ಡರಿಗೆ ಜೋಡಿಸಿ) ಎನ್ನುವಲ್ಲಿ 'ಆರೋಹಿಸಿ' ಎಂದಿತ್ತು, 'ಶೆಲ್' (ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ತಂತ್ರಾಂಶ) ಇದ್ದಲ್ಲಿ 'ಚಿಪ್ಪು' ಎಂದಿತ್ತು. ಬರೆದವರು ಒಮ್ಮೆಯಾದರೂ ಯಂತ್ರದ ಮುಂದೆ ಕೂತು ಮಾಡಿ ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಕಲಿಯುವವನಿಗೆ ತಪ್ಪು ಶಬ್ದ ಸಿಕ್ಕಿದರೆ ಪಾಠ ಇಲ್ಲದಿರುವುದಕ್ಕಿಂತ ಹೆಚ್ಚು ನಷ್ಟ. ಅದೇ ಶಬ್ದ ಹಿಡಿದು ಮತ್ತೆ ಹುಡುಕುತ್ತಾನೆ, ಏನೂ ಸಿಗುವುದಿಲ್ಲ, ತನಗೇ ತಲೆ ಓಡುವುದಿಲ್ಲ ಎಂದುಕೊಂಡು ಬಿಟ್ಟುಬಿಡುತ್ತಾನೆ.

ಇಂಗ್ಲಿಷ್ ಪಾಠಗಳಿಗೆ ಬರವಿಲ್ಲ. ಒಂದರಲ್ಲಿ, ಸಂಶಯ ಬಂದರೆ ಟರ್ಮಿನಲ್ ಎಂಬ ಆಜ್ಞೆ ಬರೆಯುವ ಕಿಟಕಿಯಲ್ಲಿ 'ಮ್ಯಾನ್' ಎಂದು ಟೈಪ್ ಮಾಡಿ ಆಜ್ಞೆಯ ಹೆಸರು ಬರೆಯಿರಿ, ಕೈಪಿಡಿ ತೆರೆಯುತ್ತದೆ ಎಂದಿತ್ತು. ಹಾಗೆ ಮಾಡಿದೆ. ಕಪ್ಪು ಪರದೆಯ ತುಂಬ ಅಕ್ಷರ ಬಂತು. ಹೊರಗೆ ಬರುವುದು ಹೇಗೆಂದು ಗೊತ್ತಾಗಲಿಲ್ಲ. ಎಸ್ಕೇಪ್ ಒತ್ತಿದೆ, ಎಂಟರ್ ಒತ್ತಿದೆ. ಎಂಟರ್ ಒತ್ತಿದಾಗಲೆಲ್ಲ ಒಂದೊಂದು ಸಾಲು ಕೆಳಗೆ ಜಾರುತ್ತಿತ್ತು, ಅಷ್ಟೇ. ಕೌಂಟರಿನಲ್ಲಿ ಪಹಣಿಯ ಜೆರಾಕ್ಸಿಗೆ ಒಬ್ಬರು ಅಜ್ಜ ಕಾಯುತ್ತಿದ್ದರು. ಪರದೆಯ ಮೇಲಿನ ಆ ಕಿಟಕಿಯನ್ನೇ ಮುಚ್ಚಿಬಿಟ್ಟೆ. ಒತ್ತಬೇಕಾದದ್ದು 'ಕ್ಯೂ' ಎಂಬ ಒಂದೇ ಅಕ್ಷರ. ಬಲ್ಲವರಿಗೆ ಇದು ಹೇಳಬೇಕಾದ ವಿಷಯ ಎಂದೇ ತೋರುವುದಿಲ್ಲ, ಆದ್ದರಿಂದ ಅವರು ಬರೆಯುವುದಿಲ್ಲ. ಹೊಸಬರು ಸಿಕ್ಕಿಹಾಕಿಕೊಳ್ಳುವುದು ಇಂಥಲ್ಲೇ.

ನನಗೆ ದಾರಿ ತೋರಿದ್ದು ತಂಗಿಯ ಮಗಳು. ಅವಳು ಗಡಿಯಾಚೆ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂಬತ್ತನೇ ತರಗತಿ. ಕ್ರಿಸ್‌ಮಸ್ ರಜೆಗೆ ಬಂದವಳು ನನ್ನ ಪರದೆ ನೋಡಿ, "ದೊಡ್ಡಮ್ಮ, ಇದು ನಮ್ಮ ಶಾಲೆಯಲ್ಲಿ ಇರುವಂಥದ್ದೇ" ಎಂದಳು. ಮರುವಾರ ತನ್ನ ಐಸಿಟಿ (ಕಂಪ್ಯೂಟರ್ ವಿಷಯದ) ಪಠ್ಯಪುಸ್ತಕಗಳನ್ನು ತಂದುಕೊಟ್ಟಳು, ಎಂಟನೆಯದ್ದು ಮತ್ತು ಒಂಬತ್ತನೆಯದ್ದು. ಕೇರಳದ ಶಾಲೆಗಳಲ್ಲಿ ಉಬುಂಟು (ಇದೂ ಒಂದು ಬಗೆಯ ಲಿನಕ್ಸ್) ಆಧಾರಿತ ವ್ಯವಸ್ಥೆಯನ್ನೇ ಕಲಿಸುತ್ತಾರೆ, ಅದನ್ನು ನೋಡಿಕೊಳ್ಳುವುದು ಕೈಟ್ ಎಂಬ ಸರ್ಕಾರಿ ಸಂಸ್ಥೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಪುಸ್ತಕ ಕನ್ನಡದಲ್ಲೇ ಇದೆ. ಫೋಟೊ ತಿದ್ದುವ ಜಿಂಪ್, ಚಿತ್ರ ವಿನ್ಯಾಸದ ಇಂಕ್‌ಸ್ಕೇಪ್, ಕಚೇರಿ ಕೆಲಸದ ಲಿಬ್ರೆಆಫೀಸ್ ಎಲ್ಲ ಪಾಠಗಳಲ್ಲಿ ಬರುತ್ತವೆ. ಯಾವ ಮೆನು, ಯಾವ ಗುಂಡಿ ಎಂದು ಚಿತ್ರಸಹಿತ ತೋರಿಸಿ, ಕೂಡಲೇ ಮಾಡಲು ಒಂದು ಕೆಲಸ ಕೊಡುತ್ತಾರೆ. ಐವತ್ತೊಂದನೇ ವಯಸ್ಸಿನಲ್ಲಿ ನಾನು ಎಂಟನೇ ತರಗತಿಯ ಪುಸ್ತಕ ಹಿಡಿದು ಕೂತೆ. ಒಂದು ವಾರದಲ್ಲಿ ಇಂಕ್‌ಸ್ಕೇಪಿನಲ್ಲಿ ಒಂದು ನಾಮಕರಣದ ಆಮಂತ್ರಣ ಮಾಡಿ ಮುದ್ರಿಸಿದೆ, ತೊಟ್ಟಿಲ ಚಿತ್ರ, ಅಂಚಿನ ಬಳ್ಳಿ ಸಮೇತ.

ಎರಡನೆಯ ಆಸರೆ ಮುಂಬಯಿ ಐಐಟಿಯ 'ಸ್ಪೋಕನ್ ಟ್ಯುಟೋರಿಯಲ್' ಪಾಠಗಳು. ಒಂದೊಂದು ಸುಮಾರು ಹತ್ತು ನಿಮಿಷ, ಕನ್ನಡ ಧ್ವನಿಯಲ್ಲೂ ಇವೆ. ಪರದೆಯ ಅರ್ಧದಲ್ಲಿ ವಿಡಿಯೊ, ಇನ್ನರ್ಧದಲ್ಲಿ ನಮ್ಮ ಕೆಲಸ, ಅವರು ಒಂದು ಹೆಜ್ಜೆ ಮಾಡಿದೊಡನೆ ನಿಲ್ಲಿಸಿ ನಾವೂ ಮಾಡುವುದು. ಅದರ ಕ್ರಮವೇ ಅದು. ಕೆಲವು ಪಾಠ ಹಳೆಯ ಉಬುಂಟುವಿನಲ್ಲಿ ಮಾಡಿದವು, ಮೆನು ಈಗಿನ ಹಾಗಿಲ್ಲ. ಆದರೆ ಟರ್ಮಿನಲ್ಲಿನ ಮೂಲ ಆಜ್ಞೆಗಳು ಬದಲಾಗಿಲ್ಲ. ಇಷ್ಟು ಒಳ್ಳೆಯ ಕೆಲಸ ಸರ್ಕಾರದ ದುಡ್ಡಿನಲ್ಲಿ ಆಗಿದ್ದೂ ನಮ್ಮ ಪೇಟೆಯಲ್ಲಿ ನಾನು ಕೇಳಿದ ಒಬ್ಬರಿಗೂ ಅದರ ಹೆಸರು ಗೊತ್ತಿರಲಿಲ್ಲ, ಕಂಪ್ಯೂಟರ್ ಕ್ಲಾಸ್ ನಡೆಸುವವರಿಗೂ.

ಇನ್ನು ಕನ್ನಡ ಟೈಪಿಂಗ್. ನಮ್ಮಂಥವರು ಲಿನಕ್ಸಿಗೆ ಹೆದರುವುದು ಮುಖ್ಯವಾಗಿ ಇದಕ್ಕೆ. ನನ್ನ ಬೆರಳಿಗೆ ಬರುವುದು ನುಡಿ ಕೀಲಿಮಣೆ ಒಂದೇ, ನಮ್ಮ ಜಿಲ್ಲೆಯವರೇ ಆದ ಕೆ.ಪಿ. ರಾವ್ ಅವರ ವಿನ್ಯಾಸ. 'ಅಕ್ಕ' ಬರೆಯುವಾಗ ನಡುವೆ ಎಫ್ ಒತ್ತುವ ಅಭ್ಯಾಸ ಇನ್ನು ಈ ಜನ್ಮದಲ್ಲಿ ಬದಲಾಗದು. ನುಡಿ ತಂತ್ರಾಂಶವೇ ಬೇಕೆಂದು ಮೂರು ದಿನ ಹುಡುಕಿ ಸೋತೆ. ಹುಡುಕಬೇಕಾದ ಹೆಸರು ಬೇರೆ ಎಂದು ಆಮೇಲೆ ತಿಳಿಯಿತು. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ 'ಐಬಸ್-ಎಂ17ಎನ್' (ibus-m17n) ಎಂಬ ಟೈಪಿಂಗ್ ತಂತ್ರಾಂಶವನ್ನು ಹಾಕಿಕೊಂಡು, ಲಾಗ್‌ಔಟ್ ಆಗಿ ಬಂದು, ಕನ್ನಡದ ಪಟ್ಟಿಯಲ್ಲಿ 'ಕೆಜಿಪಿ' ಆರಿಸಬೇಕು. ಕೆಜಿಪಿ ಎಂದರೆ ಕನ್ನಡ ಗಣಕ ಪರಿಷತ್ತು. ನಾನು ಹುಡುಕುತ್ತಿದ್ದ ಕೀಲಿಮಣೆ ಅದೇ. ಮೊದಲ ಸಲ ಎಫ್ ಒತ್ತಿ ಒತ್ತಕ್ಷರ ಮೂಡಿದಾಗ ಪಕ್ಕದ ಬೇಕರಿಯವರನ್ನು ಕರೆದು ತೋರಿಸಿದೆ.

ಎಲ್ಲವೂ ಸುಸೂತ್ರ ಎಂದು ಹೇಳಲಾರೆ. ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ ಮಾಡಿಟ್ಟ ಹಳೆಯ ಮದುವೆ ಕಾಗದಗಳು ಇಲ್ಲಿ ಇದ್ದ ಹಾಗೆಯೇ ತೆರೆಯುವುದಿಲ್ಲ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟಿನ ಬರಹ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ, ಪರಿವರ್ತಕದಲ್ಲಿ ಹಾಕಿ ಒಂದೊಂದು ಸಾಲನ್ನೂ ಓದಿ ತಿದ್ದಬೇಕು. ಅದಕ್ಕಾಗಿ ಎರಡನೆಯ ಯಂತ್ರವನ್ನು ಇಂಟರ್‌ನೆಟ್ ಸಂಪರ್ಕ ಕಿತ್ತು ಹಾಗೆಯೇ ಇಟ್ಟುಕೊಂಡಿದ್ದೇನೆ. ಇಂಥದ್ದನ್ನೂ ಪಾಠ ಬರೆಯುವವರು ಮೊದಲೇ ಹೇಳಬೇಕು. ಹೇಳದೆ ಹೊಗಳಿದರೆ ನಂಬಿದವರ ಕೆಲಸ ಕೆಡುತ್ತದೆ.

ನನ್ನ ಬೇಡಿಕೆ ಎರಡು. ಕಾಸರಗೋಡಿನ ಮಕ್ಕಳ ಕೈಯಲ್ಲಿರುವಂಥ ಪುಸ್ತಕ ನಮ್ಮ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, ಇರಲಿ. ಅಲ್ಲಿ ಕಂಪ್ಯೂಟರ್ ಇಟ್ಟಿದ್ದಾರೆ, ಪಕ್ಕದಲ್ಲಿ ಕಲಿಸುವ ಪುಸ್ತಕ ಇಲ್ಲ. ಹೊಸದಾಗಿ ಬರೆಸುವುದಕ್ಕೆ ಸಮಯ ಬೇಕಾದರೆ, ಕೇರಳ ಸರ್ಕಾರವನ್ನು ಕೇಳಿ ಆ ಪುಸ್ತಕಗಳ ಪ್ರತಿಗಳನ್ನಾದರೂ ನಮ್ಮ ಸರ್ಕಾರ ತರಿಸಲಿ. ಭಾಷೆ ಒಂದೇ, ಗಡಿ ಮಾತ್ರ ಅಡ್ಡ.

ಇನ್ನೊಂದು ತಮ್ಮಲ್ಲಿ. ವಿಂಡೋಸ್ 10 ನಿಲ್ಲುವ ಸುದ್ದಿಯನ್ನು ನಾನು ಓದಿದ್ದು ಪತ್ರಿಕೆಯಲ್ಲೇ. ಮುಂದೇನು ಮಾಡಬೇಕೆಂಬುದು ಆ ಸುದ್ದಿಯಲ್ಲಿರಲಿಲ್ಲ. ವಾರಕ್ಕೆ ಅರ್ಧ ಕಾಲಂ ಜಾಗ ಕೊಟ್ಟು, ಒಂದು ಸಲಕ್ಕೆ ಒಂದೇ ಕೆಲಸ ಹೇಳಿಸಿ. ಪೆನ್‌ಡ್ರೈವ್ ತೆರೆಯುವುದು ಒಂದು ವಾರ, ಪ್ರಿಂಟರ್ ಸೇರಿಸುವುದು ಒಂದು ವಾರ. ಬರೆಯುವವರು ತಾವೇ ಮಾಡಿ ನೋಡಿ ಬರೆಯಲಿ, ಯಾವ ಆವೃತ್ತಿಯಲ್ಲಿ, ಯಾವ ತಿಂಗಳಲ್ಲಿ ಮಾಡಿದ್ದೆಂದು ಕೊನೆಗೆ ನಮೂದಿಸಲಿ. ಗುಂಡಿಗಳ ಹೆಸರು ಪರದೆಯ ಮೇಲೆ ಹೇಗಿದೆಯೋ ಹಾಗೆಯೇ ಇರಲಿ, ವಿವರಣೆ ಕನ್ನಡದಲ್ಲಿರಲಿ. ನಾನು ಒಮ್ಮೆ ಮೆನುವನ್ನೆಲ್ಲ ಕನ್ನಡಕ್ಕೆ ಬದಲಿಸಿ ನೋಡಿದೆ, ಪಾಠದಲ್ಲಿದ್ದ ಇಂಗ್ಲಿಷ್ ಹೆಸರುಗಳಿಗೆ ತಾಳೆಯಾಗದೆ ಮತ್ತೆ ಹಿಂದಕ್ಕೆ ಬದಲಿಸಬೇಕಾಯಿತು.

ನುಡಿ ಕೀಲಿಮಣೆಯನ್ನು ಲಿನಕ್ಸ್ ಮಿಂಟ್ 22ರಲ್ಲಿ ಕೂರಿಸುವ ಕ್ರಮವನ್ನು ನನ್ನ ಯಂತ್ರದಲ್ಲಿ ಮಾಡಿ ಪರೀಕ್ಷಿಸಿ, ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಮೊದಲ ವಾರದ ಜಾಗಕ್ಕೆ ಬೇಕಾದರೆ ಕಳುಹಿಸಿಕೊಡುತ್ತೇನೆ.

ಇತಿ,
ಡಿಟಿಪಿ ಅಂಗಡಿಯ ಒಡತಿ,
ಸುಳ್ಯ ತಾಲ್ಲೂಕು, ದಕ್ಷಿಣ ಕನ್ನಡ